ಕುಚ್ಚು ಮೀನಿನ ಉಸಿರು

ಹೋದ ಭಾನುವಾರ ಬೆಳಗ್ಗೆ ಆರಕ್ಕೆ ನಮ್ಮೂರ ಕೆರೆ ಏರಿ ಮೇಲೆ ಹೋಗಿ ಕೂತವನು ಎಂಟೂವರೆವರೆಗೂ ಗಾಳ ನೀರಿಗೆ ಹಾಕಲೇ ಇಲ್ಲ. ಮನೆಯಿಂದ ಫೋನ್ ಬಂತು. “ಏನ್ ಸಿಕ್ತು?” ಅಂದಳು ಹೆಂಡತಿ. “ನಾಲ್ಕು ಉಂಗುರ” ಅಂದೆ. “ಹಂಗಾದ್ರೆ ಅವನ್ನ ಅಡ ಇಟ್ಟು ಬರ್ತಾ ಒಂದು ಕೆಜಿ ಕೋಳಿ ತನ್ನಿ” ಅಂತ ಫೋನ್ ಇಟ್ಟಳು.

ಉಂಗುರ ಅಂದರೆ ನೀರಿನ ಮೇಲಿನ ಉಂಗುರ. ಕುಚ್ಚು ಮೀನು ಗಾಳಿ ಕುಡಿಯಲು ಮೇಲೆ ಬಂದು ಹೋದ ಗುರುತು ಅದು. ಹತ್ತು ಎಣಿಸುವಷ್ಟರಲ್ಲಿ ಅಳಿಸಿ ಹೋಗುತ್ತದೆ. ಅದನ್ನು ನೋಡುತ್ತಾ ಕೂರುವ ಚಟ ನನಗೆ ಹತ್ತಿ ಮೂವತ್ತೈದು ವರ್ಷವಾಯಿತು. ನಡುವೆ ಹದಿನೈದು ವರ್ಷ ಕೆರೆಯಲ್ಲಿ ನೀರೇ ಇರಲಿಲ್ಲ, ಅದನ್ನು ಕಳೆದರೆ ಇಪ್ಪತ್ತು ಅನ್ನಿ.

ಕೋಲಾರದ ಕಡೆಯವರಿಗೆ ಈ ಮೀನಿನ ಪರಿಚಯ ಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಅರ್ಧ ಕನ್ನಡ ಅರ್ಧ ತೆಲುಗು, ಹಾಗಾಗಿ ಒಂದೇ ಮೀನು ಅಪ್ಪನ ಬಾಯಲ್ಲಿ ಕುಚ್ಚು, ಅಮ್ಮನ ಬಾಯಲ್ಲಿ ಕೊರಮೀನು. ಮರಲು ಅಂತಲೂ ಕರೆಯುತ್ತಾರೆ. ಇಂಗ್ಲಿಷಿನವರು ಮಾತ್ರ ಸುತ್ತಿಬಳಸದೆ ಸ್ನೇಕ್‌ಹೆಡ್ ಅಂದುಬಿಟ್ಟರು, ಹಾವಿನ ತಲೆ. ಬ್ಲಾಕ್ ಎಂಬ ಜರ್ಮನ್ ವೈದ್ಯ 1793ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಇಡುವಾಗಲೂ ಗ್ರೀಕಿನಲ್ಲಿ ಅದೇ ಅರ್ಥ ಬರುವ ಪದವನ್ನೇ ಹಿಡಿದಿದ್ದ. ಮೇಲಿನಿಂದ ನೋಡಿದರೆ ತಪ್ಪೇನೂ ಇಲ್ಲ. ಚಪ್ಪಟೆ ತಲೆ, ತಲೆ ಮೇಲೆ ದೊಡ್ಡ ದೊಡ್ಡ ಹುರುಪೆ, ಮುಂದಕ್ಕೆ ಬಂದ ಕಣ್ಣು. ಎಂಟು ವರ್ಷದವನಿದ್ದಾಗ ತಾತ ಜೊಂಡಿನ ಸಂದಿಯಿಂದ ಒಂದನ್ನು ಎಳೆದು ನನ್ನ ಕಾಲ ಬಳಿ ಹಾಕಿದಾಗ ನಾನು ಕಿರುಚಿಕೊಂಡು ಏರಿ ಹತ್ತಿ ಓಡಿದ್ದೆ. ಇದನ್ನು ತಾತ ಸಾಯುವತನಕ ನೆಂಟರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಅದೇ ತಾತ ಹೇಳಿಕೊಟ್ಟ ಮೊದಲ ಪಾಠ ಇದು: “ಕುಚ್ಚು ಬಲೇಲಿ ಸಾಯೋದು ಗಾಳಿ ಸಿಗದೆ ಕಣೋ.” ಮೀನು ನೀರಲ್ಲಿ ಉಸಿರುಕಟ್ಟಿ ಸಾಯುತ್ತದೆ ಅಂದರೆ ಯಾರು ನಂಬುತ್ತಾರೆ? ಆದರೆ ನಿಜ. ಕುಚ್ಚಿಗೆ ಕಿವಿರು ಇದೆ, ಸಾಕಾಗುವುದಿಲ್ಲ. ಕಿವಿರಿನ ಮೇಲ್ಗಡೆ, ತಲೆಯೊಳಗೆ, ಒಂದು ಗೂಡಿದೆ. ಅದರ ಒಳಮೈಯಲ್ಲಿ ರಕ್ತನಾಳಗಳು ತುಂಬಿಕೊಂಡಿವೆ. ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು ಆ ಗೂಡಿಗೆ ತುಂಬಿಕೊಂಡು ಕೆಳಗೆ ಹೋಗುತ್ತದೆ. ಬೆಳೆದ ಕುಚ್ಚನ್ನು ಮೇಲೆ ಬರದ ಹಾಗೆ ನೀರೊಳಗೇ ಹಿಡಿದಿಟ್ಟರೆ ಸತ್ತೇ ಹೋಗುತ್ತದೆ. ಅದೇ ನೀರಿನಿಂದ ಹೊರಗೆ ತೆಗೆದು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟರೆ ಗಂಟೆಗಟ್ಟಲೆ ಬದುಕಿರುತ್ತದೆ. ಸಂತೆಯಲ್ಲಿ ಕಾಟ್ಲಾ, ರೋಹು ಐಸಿನ ಮೇಲೆ ಮಲಗಿದ್ದರೆ ಕುಚ್ಚು ಮಾತ್ರ ಟಬ್ಬಿನಲ್ಲಿ ನಾಲ್ಕು ಬೆರಳು ನೀರಿನಲ್ಲಿ ಒದ್ದಾಡಿಕೊಂಡಿರುತ್ತದೆ, ಮೇಲೊಂದು ಬಲೆ ಮುಚ್ಚಿರುತ್ತಾರೆ. ಬಲೆ ಹಾಕದಿದ್ದರೆ ರಸ್ತೆಗೆ ನೆಗೆಯುತ್ತದೆ. ಜೀವಂತ ಸಿಗುವುದರಿಂದಲೇ ಅದಕ್ಕೆ ಆ ರೇಟು.

ಬೇರೆ ಮೀನು ಸಾಯುವ ನೀರಲ್ಲಿ ಕುಚ್ಚು ಬದುಕುವುದಕ್ಕೂ ಇದೇ ಕಾರಣ. ಪಾಚಿ ಕಟ್ಟಿದ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ನೀರಲ್ಲಿ ಅದು ತೀರಾ ಕಮ್ಮಿಯಾಗಿರುತ್ತದೆ. ಮೀನುಗಳು ರಾಶಿ ರಾಶಿ ಸತ್ತು ತೇಲುವ ಸುದ್ದಿ ಹೆಚ್ಚಾಗಿ ಬೆಳಗ್ಗೆಯೇ ಬರುವುದು ಇದಕ್ಕೇ. ಕುಚ್ಚು ಆ ಹೊತ್ತಲ್ಲಿ ನಾಲ್ಕು ಸಲ ಜಾಸ್ತಿ ಮೇಲೆ ಬಂದು ಹೋಗುತ್ತದೆ, ಅಷ್ಟೇ. ಆದರೆ ಹಾಗೆ ಬಂದಾಗೆಲ್ಲ ತಾನು ಎಲ್ಲಿದ್ದೇನೆ ಅಂತ ಏರಿ ಮೇಲೆ ಕೂತವನಿಗೆ ಹೇಳಿಯೂ ಹೋಗುತ್ತದೆ.

ಕುಚ್ಚು ಅಂತ ಒಂದೇ ಹೆಸರಲ್ಲಿ ಕರೆದರೂ ನಮ್ಮ ಕಡೆ ನಾಲ್ಕು ಬಗೆ ಕಾಣಸಿಗುತ್ತವೆ. ಮಾಮೂಲಿ ಕುಚ್ಚು, ಶಾಸ್ತ್ರದವರ ಚನ್ನಾ ಸ್ಟ್ರಿಯಾಟಾ, ಕಪ್ಪು ಕಂದು ಬೆನ್ನು, ಪಕ್ಕದಲ್ಲಿ ಓರೆ ಪಟ್ಟೆ, ಬಿಳಿ ಹೊಟ್ಟೆ. ಮೂರು ಅಡಿವರೆಗೂ ಬೆಳೆಯುತ್ತದಂತೆ, ನಮ್ಮ ಕೆರೆಯಲ್ಲಿ ಒಂದೂವರೆ ಅಡಿಯದು ಬಂದರೆ ಆವತ್ತು ಹಬ್ಬ. ಎರಡನೆಯದು ಹೂವಿನ ಮರಲು, ಚನ್ನಾ ಮರುಲಿಯಸ್. ಎಳೆಯದರಲ್ಲಿ ಬಾಲದ ಬುಡದಲ್ಲಿ ಕಣ್ಣಿನಂಥ ಚುಕ್ಕೆ ಇರುತ್ತದೆ, ಬೆಳೆದದ್ದರ ಮೈಮೇಲೆ ಬಿಳಿ ಚುಕ್ಕೆಗಳು, ಯಾರೋ ಮಲ್ಲಿಗೆ ಎರಚಿದ ಹಾಗೆ. ಇದು ಒಂದು ಮೀಟರನ್ನೂ ದಾಟುವ ದೊಡ್ಡ ಜಾತಿ, ಆಳದ ನೀರು ಬೇಕು, ಹೊಳೆ ಮತ್ತು ಡ್ಯಾಮಿನ ಮೀನು. ನಾನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಅದೂ ಮಂಡ್ಯದ ಕಡೆ. ಮೂರನೆಯದು ಗೇಣುದ್ದ, ಮೈತುಂಬ ಕಪ್ಪು ಚುಕ್ಕೆಯ ಕೊರವ, ಗಡಿಯಾಚೆ ಮಟ್ಟಗಿಡಸ ಅನ್ನುತ್ತಾರೆ. ನಾಲ್ಕನೆಯದು ಇನ್ನೂ ಚಿಕ್ಕದು, ಚನ್ನಾ ಗಚುವಾ. ರೆಕ್ಕೆಯ ಅಂಚಿಗೆ ಕಿತ್ತಳೆ ಬಣ್ಣದ ಬಾರ್ಡರ್. ಬೆಟ್ಟದ ಬುಡದ ತೊರೆ, ಹಳೇ ಕಲ್ಯಾಣಿ, ಪಾಳುಬಾವಿ ಎಲ್ಲೆಂದರಲ್ಲಿ ಇರುತ್ತದೆ. ತಿನ್ನುವವರಿಗೆ ಇದು ಲೆಕ್ಕಕ್ಕಿಲ್ಲ, ಆದರೆ ನನಗೆ ನಾಲ್ಕರಲ್ಲಿ ಇದರ ಮೇಲೇ ಪ್ರೀತಿ ಜಾಸ್ತಿ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿ ಇಟ್ಟುಕೊಂಡು, ಮರಿಯಾಗುವವರೆಗೂ ಬಾಯಿ ಮುಚ್ಚಿಕೊಂಡು ಉಪವಾಸ ಇರುತ್ತದೆ. ಇದನ್ನು ಮನೆಯಲ್ಲಿ ಹೇಳಬಾರದಿತ್ತು. “ನೋಡಿ ಕಲೀರಿ” ಅಂತ ಈಗ ದಿನಾ ಕೇಳಬೇಕು.

ಈ ಹೆಸರುಗಳ ಹಿಂದೆ ನಮ್ಮೂರಿನ ಒಂದು ನಂಟಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಡಾಕ್ಟರು ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಧುಗಿರಿ, ಶಿರಾ ಅಂತ ನಮ್ಮ ದಾರಿಗಳಲ್ಲೇ ಹೋಗಿ, ರಾಗಿ ಎಷ್ಟು ಬೆಳೆಯುತ್ತಾರೆ, ಕೆರೆ ಹೇಗಿದೆ ಅಂತ ಬರೆದುಕೊಂಡ. ಆಮೇಲೆ ಬಂಗಾಳಕ್ಕೆ ಹೋಗಿ, ಹ್ಯಾಮಿಲ್ಟನ್ ಅಂತ ಹೆಸರು ಬದಲಾಯಿಸಿಕೊಂಡು, 1822ರಲ್ಲಿ ಗಂಗೆಯ ಮೀನುಗಳನ್ನು ವಿವರಿಸುವಾಗ ಹೂವಿನ ಮರಲಿಗೂ ಆ ಚಿಕ್ಕ ಗಚುವಾಗೂ ಹೆಸರಿಟ್ಟವನು ಅವನೇ. ನಮ್ಮ ಕೆರೆ ಏರಿಗಳ ಮೇಲೆ ಕುದುರೆಯಲ್ಲಿ ಹೋಗುವಾಗ ಪಕ್ಕದಲ್ಲೇ ಎದ್ದ ಉಂಗುರವನ್ನು ಅವನು ಗಮನಿಸಿರಲಿಕ್ಕಿಲ್ಲ ಅಂತ ನನಗೆ ನಾನೇ ಅಂದುಕೊಳ್ಳುತ್ತೇನೆ. ಸುಮ್ನೆ ಒಂದು ಹೆಮ್ಮೆ.

ಈಗ ಆ ಹದಿನೈದು ವರ್ಷದ ವಿಷಯ. ನಮ್ಮದು ವರ್ಷವಿಡೀ ಹರಿಯುವ ಹೊಳೆ ಇಲ್ಲದ ಜಿಲ್ಲೆ. ಇರುವುದೆಲ್ಲ ಮಳೆ ನಂಬಿದ ಕೆರೆ, ಒಂದರ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಬೋರ್‌ವೆಲ್ ಸಾವಿರ ಅಡಿ ದಾಟಿತ್ತು, ಕೆರೆ ಅಂಗಳದಲ್ಲಿ ಜಾಲಿ ಬೆಳೆದಿತ್ತು, ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ತಾತನ ಗಾಳದ ಕೋಲು ಹಟ್ಟಿಯ ಸೂರಿನಲ್ಲಿ ಗೆದ್ದಲು ಹಿಡಿಯಿತು. ಮದುವೆಯಾಗಿ ಬಂದ ಹೆಂಡತಿಗೆ “ಇಲ್ಲಿ ನಾನು ಈಜುತ್ತಿದ್ದೆ” ಅಂತ ತೋರಿಸಿದರೆ ಪಾಪ ನಂಬಿದ ಹಾಗೆ ಮಾಡಿದಳು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿತ್ತು, ಆಮೇಲೆ ನರಸಾಪುರದ ಕೆರೆಗೆ, ಅಲ್ಲಿಂದ ಒಂದರ ಹಿಂದೆ ಒಂದಕ್ಕೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್ ಕಳಿಸಿ 126 ಕೆರೆ ತುಂಬಿಸುವ ಯೋಜನೆ. ನೊರೆ ಬಂತು, ಕೋರ್ಟಿಗೆ ಹೋಯಿತು, ನಿಂತಿತು, ಮತ್ತೆ ಶುರುವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಈಗಲೂ ಜನ ಕೇಳುತ್ತಿದ್ದಾರೆ, ನಾನೂ ಕೇಳುವವರ ಪೈಕಿ. ಆದರೆ ನಮ್ಮೂರ ಕೆರೆಗೆ ನೀರು ಬಂದ ದಿನ ನಾನು ರಜೆ ಹಾಕಿ ಹೋಗಿ ನೋಡಿದ್ದೂ ನಿಜ.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ತೂಬಿನ ಹತ್ತಿರ ಒಂದು ಉಂಗುರ ಕಂಡೆ. ಎಲ್ಲಿಂದ ಬಂತು ಇದು? ಊರಲ್ಲಿ ಎಲ್ಲರದ್ದೂ ಒಂದೇ ಉತ್ತರ: ಕೆಸರಲ್ಲಿ ಮಲಗಿತ್ತು, ನೀರು ಬಂತು, ಎದ್ದಿತು. ಕೇಳಲು ಚೆನ್ನಾಗಿದೆ. ಕುಚ್ಚು ಬೇಸಿಗೆಯಲ್ಲಿ ಕೆಸರಲ್ಲಿ ಹೂತುಕೊಳ್ಳುವುದು ನಿಜವೇ. ಚರ್ಮವೂ ಆ ಗಾಳಿಗೂಡೂ ಒದ್ದೆಯಾಗಿರುವಷ್ಟು ಕಾಲ ಮೈಯಲ್ಲಿನ ಕೊಬ್ಬು ಕರಗಿಸಿಕೊಂಡು ತಡೆಯುತ್ತದೆ. ಅದೆಲ್ಲ ತಿಂಗಳುಗಳ ಮಾತು. ಜಾಲಿ ಬೆಳೆದು ಕ್ರಿಕೆಟ್ ಆಡಿದ ಅಂಗಳದಲ್ಲಿ ಹದಿನೈದು ವರ್ಷ ಯಾವ ಮೀನೂ ಮಲಗಲಾರದು. ನನ್ನ ಊಹೆ ಬೇರೆ. ಎಲ್ಲೋ ಕುಂಟೆಯಲ್ಲಿ, ಕಲ್ಲುಕ್ವಾರಿಯ ಗುಂಡಿಯಲ್ಲಿ, ಯಾರದೋ ಕೃಷಿ ಹೊಂಡದಲ್ಲಿ ನಾಲ್ಕು ಉಳಿದಿದ್ದವು. ಮಳೆ ರಾತ್ರಿಗಳಲ್ಲಿ ಇದು ಒದ್ದೆ ನೆಲದ ಮೇಲೆ ತೆವಳಿಕೊಂಡು ಹೋಗುತ್ತದೆ, ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇಲ್ಲವೇ ಯಾವನೋ ಹುಡುಗ ಬಿಂದಿಗೆಯಲ್ಲಿ ತಂದು ಬಿಟ್ಟಿರಬೇಕು. 2021ರ ನವೆಂಬರಿನ ಮಳೆಗೆ ಕೆರೆಗಳೆಲ್ಲ ಕೋಡಿ ಬಿದ್ದಾಗಂತೂ ಲೆಕ್ಕವೇ ತಪ್ಪಿತು. ಹಳೇ ಸೀರೆ, ಸೊಳ್ಳೆ ಪರದೆ, ಸಿಕ್ಕಿದ್ದು ಹಿಡಿದು ಊರಿಗೆ ಊರೇ ಕೋಡಿ ಹಳ್ಳದಲ್ಲಿ ನಿಂತಿತ್ತು.

ನೀರು ಬಂದ ಮೇಲೆ ಉಂಗುರ ಓದುವುದನ್ನು ನಾನು ಮತ್ತೆ ಮೊದಲಿಂದ ಕಲಿಯಬೇಕಾಯಿತು. ನೀರಿನ ಮೇಲೆ ಏಳುವುದೆಲ್ಲ ಕುಚ್ಚಲ್ಲ. ಜಿಲೇಬಿ ಮೀನು ಗುಂಪು ಗುಂಪಾಗಿ ಮೇಲೆ ಬಂದು ಬಾಯಿ ಬಡಿಯುತ್ತಾ ಅಲ್ಲೇ ನಿಂತಿರುತ್ತದೆ, ಸಣ್ಣ ಸಣ್ಣ ಚುಕ್ಕೆ ಉಂಗುರ, ಮಳೆ ಹನಿ ಬಿದ್ದ ಹಾಗೆ. ಗೆಂಡೆ ಮೀನು ತಳದ ಕೆಸರು ಕೆದಕುವಾಗ ಗುಳ್ಳೆಗಳ ಸಾಲು ಬರುತ್ತದೆ, ಸಾಲು ನಿಧಾನಕ್ಕೆ ನಡೆಯುತ್ತದೆ, ನೀರೂ ಕದಡುತ್ತದೆ. ಆಮೆ ಮೂಗು ತೋರಿಸಿ ಕಾಯುತ್ತದೆ. ಕುಚ್ಚು ಹಾಗಲ್ಲ. ಒಂದೇ ಸಲ, ಗುಳಕ್ ಅಂತ, ಕೊಡ ಮುಳುಗಿಸುವಾಗ ಕೊನೆಗೆ ಬರುವ ಸದ್ದಿನ ಹಾಗೆ. ದೊಡ್ಡ ಉಂಗುರ. ನಡುವೆ ಒಂದೋ ಎರಡೋ ಗುಳ್ಳೆ. ಮುಗಿಯಿತು. ಇನ್ನು ಕೆಲವು ನಿಮಿಷ ಅಲ್ಲಿ ಏನೂ ಇಲ್ಲ.

ಆ ಕೆಲವು ನಿಮಿಷವೇ ಆಟ. ಹೊಸಬರು ಉಂಗುರ ಕಂಡ ತಕ್ಷಣ ಅದರ ನಡುವೆಯೇ ಗಾಳ ಎಸೆಯುತ್ತಾರೆ. ತಲೆ ಮೇಲೆ ಕಲ್ಲು ಹಾಕಿದ ಹಾಗೆ. ಮೀನು ಹೋಗುತ್ತದೆ. ತಾತ ಬೀಡಿ ಹಚ್ಚುತ್ತಿದ್ದರು. ಒಂದು ಬೀಡಿ ಮುಗಿಯುವುದಕ್ಕೂ ಎರಡನೇ ಉಂಗುರ ಏಳುವುದಕ್ಕೂ ಸುಮಾರು ಸರಿ ಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅರ್ಧ ಬೀಡಿ. ನಾನು ಬೀಡಿ ಸೇದುವುದಿಲ್ಲ, ಮೊಬೈಲಿನಲ್ಲಿ ಟೈಮರ್ ಇಡುತ್ತೇನೆ, ಅದು ಅಷ್ಟು ಸರಿ ಬರುವುದಿಲ್ಲ ಅನ್ನುವುದು ಬೇರೆ ಮಾತು. ಎರಡನೇ ಉಂಗುರ ಎಲ್ಲಿ ಎದ್ದಿತು ನೋಡಬೇಕು. ಹತ್ತಿರದಲ್ಲೇ ಎದ್ದರೆ ಮೀನು ಅಲ್ಲಿ ಮನೆ ಮಾಡಿದೆ. ದೂರ ಎದ್ದರೆ ಓಡಾಡಿಕೊಂಡು ಬೇಟೆ ಹುಡುಕುತ್ತಿದೆ, ಮೂರನೆಯದು ಯಾವ ದಿಕ್ಕಿಗೆ ಅಂತ ಅಂದಾಜು ಮಾಡಬಹುದು. ಮೂರು ಕಂಡ ಮೇಲೆಯೇ ಗಾಳ ಬಿಚ್ಚುವುದು.

ಜಾಗವೂ ಅಷ್ಟೇ. ಕೆರೆ ನಡುವಿನ ತೆರೆದ ನೀರು ಬಿಟ್ಟುಬಿಡಿ. ಜೊಂಡಿನ ಅಂಚು, ತಾವರೆ ಎಲೆಗಳ ಸಂದಿ, ಮುಳುಗಿದ ಜಾಲಿ ಮರದ ಬುಡ, ತೂಬಿನ ಕಲ್ಲಿನ ನೆರಳು. ಮೊಣಕಾಲುದ್ದ ನೀರಿದ್ದರೂ ಸಾಕು, ಮರೆ ಇರಬೇಕು. ಕುಚ್ಚು ಅಟ್ಟಿಸಿಕೊಂಡು ಹೋಗುವ ಮೀನಲ್ಲ, ಹೊಂಚು ಹಾಕುವ ಮೀನು. ಬೆಳಗ್ಗೆ ಬಿಸಿಲು ಏರುವ ಮುಂಚೆ, ಸಂಜೆ ದನ ಮನೆಗೆ ಬರುವ ಹೊತ್ತು. ಗಾಳಿ ಇದ್ದ ದಿನ ಹೋಗಲೇಬೇಡಿ, ಅಲೆಗಳಲ್ಲಿ ಉಂಗುರ ಕಾಣುವುದಿಲ್ಲ. ಇನ್ನೊಂದು ಮಾತು, ನಮ್ಮ ಕೆರೆಗಳಲ್ಲಿ ಹೆಚ್ಚಿನವು ಮೀನು ಗುತ್ತಿಗೆಗೆ ಹೋಗಿರುತ್ತವೆ. ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ. ಕುಚ್ಚು ಹಿಡಿಯುತ್ತೇನೆ ಅಂದರೆ ಅವರು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಅವರು ಬಿಟ್ಟ ಕಾಟ್ಲಾ ಮರಿಗಳನ್ನು ತಿನ್ನುವುದೇ ಇದು.

ತಾತ ಗಾಳಕ್ಕೆ ಜೀವಂತ ಕಪ್ಪೆ ಕಟ್ಟುತ್ತಿದ್ದರು. ನನಗೆ ಅದು ಯಾವತ್ತೂ ಹಿಡಿಸಲಿಲ್ಲ. ಈಗ ರಬ್ಬರ್ ಕಪ್ಪೆ ಬಂದಿದೆ, ಎರಡು ಕೊಕ್ಕೆ ಬೆನ್ನಿಗೆ ಅಂಟಿಕೊಂಡಿರುತ್ತವೆ, ಹುಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ, ಮೀನು ಕಚ್ಚಿದಾಗ ರಬ್ಬರ್ ಅಮುಕಿ ಕೊಕ್ಕೆ ಹೊರಬರುತ್ತದೆ. ಉಂಗುರದಿಂದ ನಾಲ್ಕು ಮೊಳ ಆಚೆ ಎಸೆದು, ಎಲೆಗಳ ಮೇಲೆ ಕುಪ್ಪಳಿಸುವ ಹಾಗೆ ಎಳೆದು, ಸಂದಿ ಬಂದಾಗ ನಿಲ್ಲಿಸಬೇಕು. ನೀರು ಸಿಡಿದ ತಕ್ಷಣ ಎಳೆದುಬಿಟ್ಟಿರೋ, ಕಪ್ಪೆ ಮಾತ್ರ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ಒಂದು, ಎರಡು ಎಣಿಸಿ, ದಾರ ಬಿಗಿಯಾದ ಮೇಲೆ ಜೋರಾಗಿ ಎತ್ತಬೇಕು. ಬಾಯಿ ಮೂಳೆಯಂತೆ ಗಟ್ಟಿ, ಒಳಗೆ ಹಲ್ಲು. ಸಿಕ್ಕಿದ್ದು ನೇರ ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಎಣಿಸದೆ ಎಳೆದು ಕಳೆದುಕೊಂಡದ್ದೇ ಹೆಚ್ಚು.

ಉಸಿರಲ್ಲದೆ ಕುಚ್ಚನ್ನು ಹಿಡಿದುಕೊಡುವ ಗುರುತು ಇನ್ನೊಂದಿದೆ, ಅದರ ಮಕ್ಕಳು. ಮಳೆಗಾಲದಲ್ಲಿ ಜೋಡಿ ಮೀನು ಜೊಂಡಿನ ನಡುವೆ ಒಂದು ತಟ್ಟೆಯಗಲ ಜಾಗ ಶುಚಿ ಮಾಡಿಕೊಳ್ಳುತ್ತದೆ. ಮೊಟ್ಟೆಯಲ್ಲಿ ಎಣ್ಣೆ ಹನಿ ಇರುವುದರಿಂದ ಅವು ತೇಲುತ್ತವೆ, ಹಳದಿಯಾಗಿ, ಸಾಸಿವೆ ಚೆಲ್ಲಿದ ಹಾಗೆ. ಒಂದೆರಡು ದಿನದಲ್ಲಿ ಮರಿ. ಮರಿಗಳು ಕೆಂಡದ ಬಣ್ಣಕ್ಕೆ ತಿರುಗಿ ನೂರಾರು ಒಟ್ಟಿಗೆ ಒಂದು ಮುದ್ದೆಯಾಗಿ ಓಡಾಡುತ್ತವೆ, ಉಸಿರಿಗೆ ಒಟ್ಟಿಗೇ ಮೇಲೆ ಬರುತ್ತವೆ. ಆಗ ನೋಡಬೇಕು, ನೀರು ಎಸರು ಕುದಿಯುವ ಹಾಗೆ ಕುದಿಯುತ್ತದೆ. ಕೆಳಗೆ ಅಪ್ಪ ಅಮ್ಮ ಕಾವಲು. ಹತ್ತಿರ ಬಂದ ಕಪ್ಪೆ, ಹಾವು, ಮೀನು, ಮನುಷ್ಯನ ಕಾಲು, ಯಾವುದನ್ನೂ ಬಿಡುವುದಿಲ್ಲ.

ನನಗೆ ಹನ್ನೆರಡು ವರ್ಷ. ಬೆಂಗಳೂರಿನಿಂದ ಮಾವ ಬಂದಿದ್ದರು. ಹೊಸ ಗಾಳ, ಹೊಳೆಯುವ ರೀಲು. ಅವರಿಗೆ ಏನೂ ಸಿಗದೆ ಬೇಜಾರಾಗಿತ್ತು. ನಾನು ದೊಡ್ಡ ಮನುಷ್ಯನ ಹಾಗೆ “ಬನ್ನಿ ಮಾವ, ತೋರಿಸ್ತೀನಿ” ಅಂತ ಕರೆದುಕೊಂಡು ಹೋಗಿ ಆ ಕೆಂಪು ಮುದ್ದೆ ತೋರಿಸಿದೆ. ಮಾವ ಕಪ್ಪೆಯನ್ನು ಮರಿಗಳ ನಡುವೆ ಬಿಟ್ಟರು. ಒಂದು ಕ್ಷಣವೂ ಆಗಲಿಲ್ಲ. ಹಸಿವಿಗೆ ಕಚ್ಚಿದ್ದಲ್ಲ ಅದು, ಅಟ್ಟಲು ಕಚ್ಚಿದ್ದು, ಅಷ್ಟು ಆಗಲೇ ನನಗೆ ಗೊತ್ತಾಯಿತು. ಹತ್ತು ನಿಮಿಷ ಬಿಟ್ಟು ಎರಡನೆಯದೂ ಅಲ್ಲೇ, ಹಾಗೇ ಸಿಕ್ಕಿತು. ಮನೆಯಲ್ಲಿ ಅಮ್ಮ ಬೂದಿ ಹಾಕಿ ಲೋಳೆ ಉಜ್ಜಿ ತೊಳೆದು, ಹುಣಸೆಹಣ್ಣು ಹಾಕಿ ಸಾರು ಮಾಡಿದರು. ಮುದ್ದೆ ಜೊತೆ. ಸಣ್ಣ ಮುಳ್ಳಿಲ್ಲದ ಮೀನು, ಮಕ್ಕಳೂ ತಿನ್ನಬಹುದು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಕೆರೆಗೆ ಹೋದೆ. ಮರಿಗಳ ಮುದ್ದೆ ಅಲ್ಲೇ ಇತ್ತು, ಸ್ವಲ್ಪ ಸಡಿಲವಾಗಿತ್ತು. ಅದರ ಮರುದಿನ ಎರಡು ಮಿಂಚುಳ್ಳಿ ಜೊಂಡಿನ ಮೇಲೆ ಕೂತು ಒಂದರ ಹಿಂದೆ ಒಂದು ಮುಳುಗುತ್ತಿದ್ದವು, ಕೆಳಗಿನಿಂದ ಜಿಲೇಬಿಗಳು. ನಾಲ್ಕನೇ ದಿನ ನೀರು ಬರಿದಾಗಿತ್ತು. ತಾತ ಬೈಯಲಿಲ್ಲ. ಒಂದು ವಾರ ಕೆರೆಗೆ ಹೋಗುವಾಗ ನನ್ನನ್ನು ಕರೆಯಲಿಲ್ಲ, ಅಷ್ಟೇ.

ಇದೇ ಜಾತಿಯ ನಂಟ ಮೀನೊಂದು 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನ ಒಂದು ಕೊಳದಲ್ಲಿ ಕಾಣಿಸಿಕೊಂಡಾಗ ಅಲ್ಲಿ ರಾಕ್ಷಸ ಬಂತು ಅನ್ನುವಷ್ಟು ಗಲಾಟೆ ಆಯಿತು, ಕೊಳಕ್ಕೆ ವಿಷ ಹಾಕಿ ಎಲ್ಲ ಮೀನನ್ನೂ ಕೊಂದರು. ಅವರ ನೀರಿಗೆ ಅದು ಹೊರಗಿನದು, ಅವರ ಭಯ ಅವರದು. ಇತ್ತ ತೆಲಂಗಾಣಕ್ಕೆ ಕೊರಮೀನೇ ರಾಜ್ಯದ ಮೀನು. ಪ್ರತಿ ವರ್ಷ ಮೃಗಶಿರಾ ಬಂತೆಂದರೆ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಉಬ್ಬಸ ಇದ್ದವರಿಗೆ ಮದ್ದು ಅಂತ ಬಾಯಲ್ಲಿ ಬಿಡುವುದು ಇದರ ಜೀವಂತ ಮರಿಯನ್ನೇ. ಉಸಿರಿಗೆ ಕಷ್ಟಪಡುವವರು ಉಸಿರಿಗೆ ಮೇಲೆ ಬರುವ ಮೀನನ್ನು ನುಂಗುವುದು. ಮದ್ದಾಗಿ ನಾನಂತೂ ನಂಬುವುದಿಲ್ಲ.

ಸರಿ, ಹೋದ ಭಾನುವಾರಕ್ಕೆ ಬರುತ್ತೇನೆ. ನಾಲ್ಕು ಉಂಗುರವೂ ಒಂದೇ ಜಾಗದಲ್ಲಿ, ಎರಡು ಮೊಳದೊಳಗೆ ಎದ್ದವು. ಯಾಕೆ ಅಂತ ಬಗ್ಗಿ ನೋಡಿದರೆ ಜೊಂಡಿನ ಬುಡದಲ್ಲಿ ಕೆಂಪಗೆ ಏನೋ ಅಲುಗಿತು, ಆಮೇಲೆ ಎಸರು ಕುದಿಯಿತು. ಅದಕ್ಕೇ ಗಾಳ ಚೀಲದಲ್ಲೇ ಉಳಿದದ್ದು. ಎದ್ದು ಹೊರಡುವಷ್ಟರಲ್ಲಿ ಬೈಕಿನಲ್ಲಿ ಮೂರು ಹುಡುಗರು ಬಂದರು, ಕೈಯಲ್ಲಿ ಒಳ್ಳೇ ಗಾಳಗಳು, ನರಸಾಪುರದ ಫ್ಯಾಕ್ಟರಿ ಕಡೆಯವರಿರಬೇಕು. “ಅಣ್ಣ, ಕುಚ್ಚು ಇದಾವಾ ಇಲ್ಲಿ?” ಅಂತ ಕೇಳಿದರು. ಒಬ್ಬ ಆಗಲೇ ಜೊಂಡಿನ ಕಡೆ ಇಳಿಯುತ್ತಿದ್ದ.

“ಕೋಡಿ ಹತ್ರ ಹೋಗ್ರಪ್ಪಾ,” ಅಂದೆ. “ಈ ಜೊಂಡಲ್ಲಿ ಹಾವಿದೆ. ಈಗ ತಾನೇ ತಲೆ ಎತ್ತಿತ್ತು.”

ಅವನು ಒಂದೇ ನೆಗೆತಕ್ಕೆ ಏರಿ ಹತ್ತಿದ. ನಾನು ಕೋಳಿ ಅಂಗಡಿ ಕಡೆ ಗಾಡಿ ತಿರುಗಿಸಿದೆ.